ಟ್ಯೂನರ್ ಕಾರ್ಡಿನ ಪ್ರಸಂಗ

ಒಂದೂರಿನ ಜಾತ್ರೆಯಲ್ಲಿ ನಿಂತು ಪಕ್ಕದೂರಿನ ತೇರನ್ನು ಹೊಗಳುವುದು ಲೋಕರೂಢಿಗೆ ಒಪ್ಪುವ ಮಾತಲ್ಲ. ಬಾನುಲಿಯ ಮುಂದೆ ಕುಳಿತು ದೂರದರ್ಶನದ ಪ್ರಸ್ತಾಪ ತೆಗೆದರೆ ಅಂಥ ಆಕ್ಷೇಪಣೆ ನನ್ನ ಮೇಲೂ ಬರಬಹುದು. ಆದರೆ ನಾನು ಹೇಳಹೊರಟಿರುವುದು ದೂರದರ್ಶನದ ಕಾರ್ಯಕ್ರಮಗಳ ವಿಷಯವಲ್ಲ. ಆ ಚಿತ್ರವನ್ನೂ ಧ್ವನಿಯನ್ನೂ ಗಣಕಯಂತ್ರದ ಒಳಕ್ಕೆ ಬರಮಾಡಿಕೊಳ್ಳುವ, ಅಂಗೈಯಗಲದ ಒಂದು ಹಲಗೆಯ ವಿಷಯ. ಟಿ.ವಿ. ಟ್ಯೂನರ್ ಕಾರ್ಡ್ ಎಂದು ಅದಕ್ಕೆ ಹೆಸರು.

ನನ್ನ ಚಿಕ್ಕಮ್ಮ ಗಮಕಿಗಳು. 1989ರಲ್ಲಿ ಬಂಧುಗಳ ಮನೆಯ ಮದುವೆಯೊಂದರಲ್ಲಿ ಅವರು ಮಾಡಿದ ಭಾರತವಾಚನ ಸುಮಾರು ನಲವತ್ತು ನಿಮಿಷಗಳಷ್ಟು ಒಂದು ವಿ.ಎಚ್.ಎಸ್. ಕ್ಯಾಸೆಟ್ಟಿನಲ್ಲಿ ಉಳಿದಿತ್ತು. ಅವರು ತೀರಿಕೊಂಡ ಮೇಲೆ ಆ ಕಂಠ ಬೇರೆಲ್ಲಿಯೂ ಇರಲಿಲ್ಲ. 2004ರ ಮಳೆಗಾಲದ ಹೊತ್ತಿಗೆ ಟೇಪಿನ ಅಂಚಿನಲ್ಲಿ ಬಿಳಿಯ ಬೂಷ್ಟು ಕಾಣಿಸಿಕೊಂಡಿತು. ಮನೆಯಲ್ಲಿದ್ದ ಹಳೆಯ ವಿ.ಸಿ.ಪಿ.ಯ ವಿಡಿಯೋ ಕಿಂಡಿ ಕೆಟ್ಟಿತ್ತು, ಟಿ.ವಿ.ಯ ಆಂಟೆನಾಕ್ಕೆ ಜೋಡಿಸುವ ಕಿಂಡಿಯೊಂದೇ ಕೆಲಸ ಮಾಡುತ್ತಿತ್ತು. ಅಂದರೆ ಆ ವಿ.ಸಿ.ಪಿ. ತಾನೇ ಒಂದು ಪುಟ್ಟ ಪ್ರಸಾರ ಕೇಂದ್ರದಂತೆ 36ನೆಯ ಚಾನೆಲಿನಲ್ಲಿ, 591.25 ಮೆಗಾಹರ್ಟ್ಸ್ ಆವರ್ತನದಲ್ಲಿ ಚಿತ್ರವನ್ನು ಹೊರಡಿಸುತ್ತಿತ್ತು. ಅದನ್ನು ಹಿಡಿಯಲು ಟ್ಯೂನರೇ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಒಂದು ಕಾರ್ಡನ್ನು ಕೊಂಡು ತಂದೆ.

ತಂದದ್ದೇನೋ ಸರಿ. ಅದರ ಜೊತೆಯ ಸಿ.ಡಿ.ಯಲ್ಲಿದ್ದ ತಂತ್ರಾಂಶ ಮಾತ್ರ ನನ್ನ ಗಣಕಕ್ಕಾಗಿ ಬರೆದದ್ದಾಗಿರಲಿಲ್ಲ. ನನ್ನದು ಲಿನಕ್ಸ್ ವ್ಯವಸ್ಥೆ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿ, ಅನಂತರ ಸಾವಿರಾರು ಜನರ ಕೈಯಲ್ಲಿ ಬೆಳೆದದ್ದು ಅದು. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಪ್ರತಿಮಾಡಿ ಹಂಚಬಹುದು. ಹಂಚುವಾಗ ತಿದ್ದಿದ ಪಾಠವನ್ನೂ ಬಚ್ಚಿಡದೆ ಕೊಡಬೇಕೆಂಬುದೊಂದೇ ಮುಖ್ಯ ಕಟ್ಟುಪಾಡು. ಓಲೆಗರಿಗಳನ್ನು ಪ್ರತಿಮಾಡಿ ಕಾವ್ಯಗಳನ್ನು ಉಳಿಸಿಕೊಂಡ ನಾಡಿನವರಿಗೆ ಈ ಏರ್ಪಾಡು ತೀರ ಹೊಸದೆಂದು ತೋರಲಾರದು.

ಕಾರ್ಡಿನ ಅಂಗಾಂಗಗಳನ್ನು ಒಮ್ಮೆ ನೋಡೋಣ. ಒಂದು ತುದಿಯಲ್ಲಿ ತಗಡಿನ ಮುಚ್ಚಳದ ಪೆಟ್ಟಿಗೆ, ಇದೇ ಟ್ಯೂನರು. ಗಾಳಿಯಲ್ಲಿಯೋ ತಂತಿಯಲ್ಲಿಯೋ ಬರುವ ನೂರಾರು ಆವರ್ತನಗಳಲ್ಲಿ ಬೇಕಾದ ಒಂದನ್ನು ಆರಿಸುವುದು ಇದರ ಕೆಲಸ. ನಡುವೆ ಬಿ.ಟಿ. 878 ಎಂಬ ಚಿಪ್ಪು. ಆರಿಸಿ ಬಂದ ಸಂಕೇತವನ್ನು ಅದು ಅಂಕೆಗಳಾಗಿ ಮಾರ್ಪಡಿಸಿ, ಗಣಕದ ಮುಖ್ಯ ಸಂಸ್ಕಾರಕಕ್ಕೆ ಶ್ರಮ ಕೊಡದೆ, ತಾನೇ ಸ್ಮೃತಿಕೋಶದಲ್ಲಿ ಇಳಿಸುತ್ತದೆ. ನಮ್ಮ ದೇಶ ಅನುಸರಿಸಿದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಧ್ವನಿಯ ದಾರಿ ಬೇರೆ: ಅದು ಕಾರ್ಡಿನ ಬೆನ್ನಿನ ಕಿಂಡಿಯಿಂದ ಹೊರಬಿದ್ದು, ಗೇಣುದ್ದದ ತಂತಿಯ ಮೂಲಕ ಧ್ವನಿಕಾರ್ಡನ್ನು ಹೋಗಿ ಸೇರುತ್ತದೆ.

ಕಾರ್ಡನ್ನು ಕೂರಿಸಿ ಗಣಕವನ್ನು ಎಬ್ಬಿಸಿದೆ. ಏಳುವಾಗ ತಾನು ಕಂಡದ್ದನ್ನೆಲ್ಲ ಅದು ದಿನಚರಿಯ ಹಾಗೆ ಬರೆದಿಡುತ್ತದೆ. ಚಿಪ್ಪಿನ ಹೆಸರನ್ನು ಸರಿಯಾಗಿಯೇ ಬರೆದಿತ್ತು. ಆದರೆ ಕಾರ್ಡು ಯಾವುದೆಂಬಲ್ಲಿ 'ಅಪರಿಚಿತ' ಎಂದು ಬರೆದು ಸೊನ್ನೆಯನ್ನು ನಮೂದಿಸಿತ್ತು. ಕಾರಣ ಸರಳ. ಒಳ್ಳೆಯ ಕಾರ್ಡುಗಳಲ್ಲಿ ಪುಟ್ಟದೊಂದು ಸ್ಮೃತಿಚಿಪ್ಪಿನಲ್ಲಿ ಅವುಗಳ ಗುರುತಿನ ಸಂಖ್ಯೆಯನ್ನು ಕೆತ್ತಿಟ್ಟಿರುತ್ತಾರೆ. ಅಗ್ಗದ ಕಾರ್ಡುಗಳಲ್ಲಿ ಅಷ್ಟರ ಖರ್ಚನ್ನೂ ಉಳಿಸುತ್ತಾರೆ. ಒಂದೇ ಚಿಪ್ಪನ್ನಿಟ್ಟುಕೊಂಡು ಹತ್ತಾರು ತಯಾರಕರು ನೂರಾರು ಬಗೆಯಲ್ಲಿ ತಂತಿ ಎಳೆದಿರುವಾಗ, ಹೆಸರು ಹೇಳದ ಅತಿಥಿಯ ಕುಲಗೋತ್ರ ಗೊತ್ತಾಗುವುದು ಹೇಗೆ?

ಈ ಚಿಪ್ಪಿಗೆ ಲಿನಕ್ಸಿನಲ್ಲಿರುವ ಚಾಲಕ ತಂತ್ರಾಂಶದ ಹೆಸರು ಬಿ.ಟಿ.ಟಿ.ವಿ. ರಾಲ್ಫ್ ಮೆಟ್ಸ್‌ಲರ್, ಮಾರ್ಕಸ್ ಮೆಟ್ಸ್‌ಲರ್, ಗೆರ್ಡ್ ಕ್ನೋರ್ ಎಂಬವರು ಅದರ ಮೊದಲ ಕರ್ತೃಗಳು. ಅದರ ಜೊತೆಗೆ ಒಂದು ಪಟ್ಟಿಯಿದೆ. 2004ರಲ್ಲಿಯೇ ಅದರಲ್ಲಿ ನೂರಕ್ಕೆ ಮಿಕ್ಕಿದ ಕಾರ್ಡುಗಳಿದ್ದವು. ಅನಂತರ ನೂರೈವತ್ತನ್ನೂ ದಾಟಿತು. ತಮ್ಮ ಕೈಗೆ ಬಂದ ಕಾರ್ಡನ್ನು ಪರೀಕ್ಷಿಸಿ, ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಕಂಡುಹಿಡಿದು, ಒಬ್ಬೊಬ್ಬರು ಒಂದೊಂದು ಸಾಲನ್ನು ಸೇರಿಸಿ ಬೆಳೆಸಿದ ನಿಘಂಟು ಅದು. ಟ್ಯೂನರುಗಳಿಗೂ ಬೇರೊಂದು ಪಟ್ಟಿಯುಂಟು.

ನಾನು ಮೊದಲು ತಗಡಿನ ಪೆಟ್ಟಿಗೆಯ ಮೇಲಿನ ಚೀಟಿಯನ್ನು ಭೂತಗನ್ನಡಿ ಹಿಡಿದು ಓದಿದೆ. ಅದು ಫಿಲಿಪ್ಸ್ ಎಫ್.ಐ. 1216ರ ಜಾತಿಯದು; ಪಟ್ಟಿಯಲ್ಲಿ ಅದರ ಸಂಖ್ಯೆ 5. ಚಾಲಕವನ್ನು ಇಳಿಸಿ, ಆ ಸಂಖ್ಯೆಯನ್ನು ತಿಳಿಸಿ, ಮತ್ತೆ ಏರಿಸಿದೆ. ವಿ.ಸಿ.ಪಿ.ಯನ್ನು ಓಡಿಸಿ 36ನೆಯ ಚಾನೆಲಿಗೆ ತಿರುಗಿಸಿದಾಗ ಅದುವರೆಗೆ ಇರುವೆಗಳಂತೆ ಮುಸುರಿದ್ದ ಚುಕ್ಕೆಗಳು ಸರಿದು, ಮದುವೆಮನೆಯ ಚಪ್ಪರ ಕಾಣಿಸಿತು. ಜಮಖಾನೆಯ ಮೇಲೆ ಚಿಕ್ಕಮ್ಮ ಕುಳಿತಿದ್ದರು. ಪುಸ್ತಕದ ಹಾಳೆ ತಿರುಗಿತು, ಕೈ ಎದ್ದಿತು, ತುಟಿ ಅಲುಗಿತು. ಧ್ವನಿಯಿಲ್ಲ.

ಬೇರೆ ಯಾವ ಚಿತ್ರವಾಗಿದ್ದರೂ ಅಷ್ಟಕ್ಕೆ ಸಮಾಧಾನಪಟ್ಟುಕೊಳ್ಳಬಹುದಾಗಿತ್ತೇನೋ. ಗಮಕಿಯ ಮೂಕಚಿತ್ರವನ್ನಿಟ್ಟುಕೊಂಡು ಮಾಡುವುದೇನು?

ಇಲ್ಲಿಯೇ ಕಾರ್ಡಿನ ಸಂಖ್ಯೆಯ ಮಹತ್ವವಿರುವುದು. ಟ್ಯೂನರಿನಿಂದ ಬಂದ ಧ್ವನಿಯನ್ನು ಹೊರಗಿನ ಕಿಂಡಿಗೆ ಬಿಡಬೇಕೋ ಬೇಡವೋ ಎಂಬುದನ್ನು ಕಾರ್ಡಿನ ಮೇಲಿನ ಒಂದು ಸ್ವಿಚ್ಚು ನಿರ್ಧರಿಸುತ್ತದೆ. ಆ ಸ್ವಿಚ್ಚಿಗೆ ಅಪ್ಪಣೆ ಹೋಗುವುದು ಚಿಪ್ಪಿನ ಕೆಲವು ಕಾಲುಗಳಿಂದ. ಯಾವ ಕಾಲು, ಯಾವ ಅಪ್ಪಣೆ ಎಂಬುದು ತಯಾರಕನ ಇಚ್ಛೆ. ಅವನು ಅದನ್ನು ಪೆಟ್ಟಿಗೆಯ ಮೇಲೆ ಬರೆಯುವುದಿಲ್ಲ. ಹಲಗೆಯ ಮೂಲೆಯಲ್ಲಿ ಅಚ್ಚಾಗಿದ್ದ ಅಕ್ಷರಗಳಿಗೆ ಸಮೀಪವಾದ ಹೆಸರುಗಳನ್ನು ಪಟ್ಟಿಯಲ್ಲಿ ಗುರುತುಮಾಡಿಕೊಂಡು, ಒಂದೊಂದೇ ಸಂಖ್ಯೆಯನ್ನು ಕೊಟ್ಟು ನೋಡತೊಡಗಿದೆ. ಚಾಲಕವನ್ನು ಇಳಿಸುವುದು, ಏರಿಸುವುದು, ಕಿವಿಗೊಡುವುದು. ಬೂಷ್ಟು ಹಿಡಿದ ಟೇಪನ್ನು ಪರೀಕ್ಷೆಗೆ ಬಲಿಕೊಡಬಾರದೆಂದು ಆ ಹೊತ್ತಿಗೆಲ್ಲ ಯಾವುದೋ ಹಳೆಯ ಚಲನಚಿತ್ರದ ಕ್ಯಾಸೆಟ್ಟನ್ನು ಓಡಿಸುತ್ತಿದ್ದೆ. ಧ್ವನಿಕಾರ್ಡಿನ ಲೈನ್-ಇನ್ ಬಾಗಿಲನ್ನು ಲಿನಕ್ಸ್ ಮೊದಲಿಗೆ ಮುಚ್ಚಿಯೇ ಇಟ್ಟಿರುತ್ತದೆ, ಅದನ್ನೂ ತೆರೆದಿಟ್ಟೆ. ಮೂರನೆಯ ಸಂಜೆ, ಒಂಬತ್ತನೆಯ ಸಂಖ್ಯೆಯನ್ನು ಕೊಟ್ಟಾಗ ನಾಯಕ ನಾಯಿಕೆಯೊಡನೆ ಜಗಳವಾಡುವುದು ಕೇಳಿಸಿತು. ಕೂಡಲೆ ಕ್ಯಾಸೆಟ್ಟನ್ನು ಬದಲಾಯಿಸಿದೆ.

ಇದ್ದ ಹಾಗೆಯೇ ಮುದ್ರಿಸಿಕೊಂಡರೆ ಸೆಕೆಂಡಿಗೆ ಎರಡು ಕೋಟಿ ಬೈಟುಗಳು. ಒಂದು ಗಂಟೆಗೆ ಸುಮಾರು 75 ಗಿಗಾಬೈಟು. ನನ್ನ ಬಳಿಯಿದ್ದ ಡಿಸ್ಕು 40 ಗಿಗಾಬೈಟಿನದು. ಎಂಕೋಡರ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಚಿತ್ರವನ್ನು ಹಿಂಡಿ ಅದಕ್ಕೆ ಹಿಡಿಸುವಂತೆ ಮಾಡಿತು. ನಲವತ್ತು ನಿಮಿಷಗಳಲ್ಲಿ ಎರಡು ಕಡೆ ಚಿತ್ರ ಹರಿದಿದೆ. ಕಂಠ ಎಲ್ಲಿಯೂ ಕಡಿದಿಲ್ಲ.

ಪೇಟೆಯಲ್ಲಿ ಇನ್ನೂರು ರೂಪಾಯಿಗೆ ಆಗುತ್ತಿದ್ದ ಕೆಲಸಕ್ಕೆ ಇಷ್ಟು ಪಾಡೇಕೆಂದು ಮಿತ್ರರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಕಾಲವೇ ಉತ್ತರ ಹೇಳಿದೆಯೆಂದು ನನಗೆ ತೋರುತ್ತದೆ. ಬೆಂಗಳೂರು ಮೈಸೂರುಗಳ ಕೇಬಲ್ ಜಾಲ ಅಂಕೀಕರಣಗೊಳ್ಳಲು 2013ರ ಮಾರ್ಚ್ 31 ಗಡುವಾಗಿತ್ತು. 1959ರಲ್ಲಿ ದೆಹಲಿಯಲ್ಲಿ ತೊಡಗಿದ ದೂರದರ್ಶನದ ಹಳೆಯ ಅನಲಾಗ್ ಭೂಪ್ರಸಾರವೂ, ಆಯಕಟ್ಟಿನ ಕೆಲವು ಸ್ಥಳಗಳನ್ನು ಬಿಟ್ಟು, 2022ರ ಹೊತ್ತಿಗೆ ನಿಂತುಹೋಯಿತು. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿ.ಸಿ.ಆರ್. ತಯಾರಿಕೆಯನ್ನೇ ಕೈಬಿಟ್ಟಿತು. ನನ್ನ ಕಾರ್ಡಿನೊಡನೆ ಬಂದ ಸಿ.ಡಿ. ಇಂದಿನ ಯಾವ ಗಣಕಕ್ಕೂ ಉಪಯೋಗವಿಲ್ಲ. ಆದರೆ ಬಿ.ಟಿ.ಟಿ.ವಿ. ಚಾಲಕ ಇನ್ನೂ ಲಿನಕ್ಸಿನಲ್ಲಿದೆ. 2011ರಲ್ಲಿ ಅಲ್ಲಿಯ ಹಳೆಯ ವಿಡಿಯೋ ವ್ಯವಸ್ಥೆಯನ್ನು ಕಿತ್ತುಹಾಕಿದಾಗಲೂ ಅದು ಉಳಿಯಿತು. 2023ರಲ್ಲಿ ಅದರ ಒಳಭಾಗವನ್ನು ಹೊಸ ಚೌಕಟ್ಟಿಗೆ ಹೊಂದುವಂತೆ ತಿದ್ದಿ ಬರೆದರು. ಮಾರುಕಟ್ಟೆ ಮರೆತ ವಸ್ತುವಿಗೆ ಇಂಥ ಶುಶ್ರೂಷೆ ದೊರೆತದ್ದು ಅದರ ಪಾಠ ಎಲ್ಲರ ಕಣ್ಣೆದುರು ಇದ್ದುದರಿಂದ.

1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರವೊಂದನ್ನು ತೆರೆದದ್ದು ಕೇಳುಗರಿಗೆ ತಿಳಿದೇ ಇದೆ. ಆಕಾಶವಾಣಿ ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹೋಯಿತು. ಯಂತ್ರವನ್ನು ಬಿಚ್ಚಿ ನೋಡುವ, ಕಂಡದ್ದನ್ನು ನಾಲ್ವರಿಗೆ ತಿಳಿಸುವ ಸ್ವಭಾವ ನಮ್ಮಲ್ಲಿ ಹಿಂದಿನಿಂದಲೂ ಉಂಟು. ಈಗ ಮನೆಮನೆಯ ಅಟ್ಟದ ಮೇಲೆ ಕ್ಯಾಸೆಟ್ಟುಗಳಿವೆ. ಅವುಗಳಲ್ಲಿ ಹಾಡಿದವರು, ಓದಿದವರು, ಹರಸಿದವರು ಅನೇಕರು ಇಂದು ಇಲ್ಲ. ಟೇಪಿನ ಲೇಪ ವರ್ಷವರ್ಷಕ್ಕೆ ಸವೆಯುತ್ತದೆ. ಹಳೆಯ ಕಾರ್ಡನ್ನು ಕೂರಿಸಬಲ್ಲ ಗಣಕಗಳೂ ವಿರಳವಾಗುತ್ತಿವೆ. ಕೇಳುಗರಲ್ಲಿ ಯಾರ ಮನೆಯಲ್ಲಾದರೂ ಅಂಥ ಕ್ಯಾಸೆಟ್ಟಿದ್ದರೆ ಈ ಬೇಸಗೆಯಲ್ಲಿಯೇ ಅದನ್ನು ಕೆಳಗಿಳಿಸಿ, ಕಿಟಕಿ ತೆರೆದು, ಬೂಷ್ಟು ಹಿಡಿದಿದೆಯೇ ಎಂದು ಒಮ್ಮೆ ನೋಡಬೇಕೆಂದು ಪ್ರಾರ್ಥಿಸುತ್ತೇನೆ.