ಹಳೆಯ ಸಹಪಾಠಿಗಳು ಕರೆದಾಗ
(ಜುಮಾ ಪ್ರವಚನದ ಸಾರಾಂಶ)



ತೆಕ್ಕಟ್ಟೆಯ ಹೈಸ್ಕೂಲಿನಲ್ಲಿ ಕಲಿತವರ ಸ್ನೇಹಕೂಟಕ್ಕೆ ಹೋಗಬಹುದೇ ಎಂದು ಜಮಾಅತ್‌ನ ಕೆಲವರು ಕೇಳಿದ್ದಾರೆ. ಅವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಜಿಲ್ಲೆ ದಕ್ಷಿಣ ಕನ್ನಡ ಎಂದಿದೆ. ಉಡುಪಿ ಜಿಲ್ಲೆ ಆದದ್ದೇ 1997ರಲ್ಲಿ. ಅಷ್ಟು ಹಳೆಯ ಸ್ನೇಹ. ಅವರ ಚಿಂತೆ ಊಟದ್ದಲ್ಲ, ಫೋಟೋದ್ದಲ್ಲ. ಒಂದೇ ಬೆಂಚಿನಲ್ಲಿ ಕುಳಿತ ಗೆಳೆಯ ಇಂದು ವಾಟ್ಸ್ಯಾಪಿನಲ್ಲಿ ನಮ್ಮ ಬಗ್ಗೆ ಏನೇನೋ ಕಳುಹಿಸುತ್ತಾನೆ, ಅವನೆದುರು ಹೇಗೆ ಕುಳಿತುಕೊಳ್ಳುವುದು ಎಂಬುದು. 2022ರಲ್ಲಿ ಉಡುಪಿ, ಕುಂದಾಪುರದ ಕಾಲೇಜುಗಳಲ್ಲಿ ಹಿಜಾಬ್ ವಿವಾದ ಎದ್ದಾಗ ನಮ್ಮವರಲ್ಲಿ ಕೆಲವರು ಇಂಥ ಗುಂಪುಗಳಿಂದ ಮಾತಿಲ್ಲದೆ ಹೊರಬಂದರು. ಆ ನೋವು ಸಣ್ಣದಲ್ಲ.

ಆದರೆ ಪ್ರವಾದಿ(ಸ)ರ ಜೀವನ ನೋಡಿ. ತಾಯಿಫ್‌ನಲ್ಲಿ ಕಲ್ಲೇಟು ತಿಂದು ಮರಳಿದಾಗ ಮಕ್ಕಾ ಪ್ರವೇಶಿಸಲು ಅವರಿಗೆ ರಕ್ಷಣೆ ಕೊಟ್ಟವರು ಮುತ್‌ಇಮ್ ಬಿನ್ ಅದೀ. ಅವರು ಇಸ್ಲಾಮ್ ಸ್ವೀಕರಿಸಲಿಲ್ಲ. ಮುಂದೆ ಬದ್ರ್‌ನಲ್ಲಿ ಶತ್ರುಗಳು ಸೆರೆಯಾದಾಗ, ಮುತ್‌ಇಮ್ ಬದುಕಿದ್ದು ಕೇಳಿದ್ದರೆ ಇವರನ್ನೆಲ್ಲ ಬಿಟ್ಟುಬಿಡುತ್ತಿದ್ದೆ ಎಂಬರ್ಥದ ಮಾತನ್ನು ಪ್ರವಾದಿ(ಸ)ರು ಹೇಳಿದರು. ಬುಖಾರಿಯಲ್ಲಿ ಇದು ವರದಿಯಾಗಿದೆ. ಯುದ್ಧದ ಗಾಯ ಇನ್ನೂ ಹಸಿ ಇದ್ದಾಗಲೇ ಹಳೆಯ ಉಪಕಾರದ ನೆನಪು!

ಆದ್ದರಿಂದ ಹೋಗಿ. ಸುಳ್ಳು ಹಂಚಿದವನು ಅಲ್ಲಿದ್ದರೆ ಎಲ್ಲರೆದುರು ಜಗಳ ತೆಗೆಯಬೇಡಿ. ಬದಿಗೆ ಕರೆದು ನಮ್ಮ ಕುಂದಾಪುರ ಭಾಷೆಯಲ್ಲೇ ಕೇಳಿ: "ನಮ್ಮನಿಗೆ ಬಂದ್ ಹಬ್ಬದ್ ಊಟ ಉಂಡವ ನೀನ್, ಇದನ್ನ್ ನಂಬ್ತ್ಯಾ ಮಾರಾಯ?" ಫೋನಿನಲ್ಲಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬಹುದು, ಮುಖಾಮುಖಿ ಕಷ್ಟ.

ಗುರುವಂದನೆಯೂ ಇರುತ್ತದೆ. ಬದ್ರ್‌ನ ಸೆರೆಯಾಳುಗಳಲ್ಲಿ ಅಕ್ಷರ ಬಲ್ಲವರು ಮದೀನಾದ ಮಕ್ಕಳಿಗೆ ಓದುಬರಹ ಕಲಿಸಿ ಬಿಡುಗಡೆ ಪಡೆದರೆಂದು ಚರಿತ್ರೆಕಾರರು ಬರೆದಿದ್ದಾರೆ. ಕಲಿಸಿದವರ ಧರ್ಮ ಯಾರೂ ಕೇಳಲಿಲ್ಲ. ಕಾಲಿಗೆ ಬೀಳುವುದು ನಮ್ಮ ಪದ್ಧತಿಯಲ್ಲ. ಎದ್ದು ನಿಂತು ಮಾಷ್ಟ್ರ ಕೈ ಹಿಡಿಯಿರಿ, ಅವರ ಕಿವಿ ಮಂದವಾಗಿದ್ದರೆ ಹತ್ತಿರ ಹೋಗಿ ಹೆಸರು ಹೇಳಿ.

ಅಡ್ಡಹೆಸರುಗಳ ಬಗ್ಗೆ ಎಚ್ಚರ. ಸೂರಃ ಹುಜುರಾತ್‌ನ 11ನೇ ವಚನ ಅದನ್ನು ನೇರವಾಗಿ ತಡೆಯುತ್ತದೆ. ಅಂದು ಕುಳ್ಳ ಎಂದು ಕರೆದವನನ್ನು ಇಂದು ಅವನ ಮಕ್ಕಳೆದುರು ಹಾಗೆ ಕರೆಯಬೇಡಿ. ಗಲ್ಫಿನ ಸಂಪಾದನೆಯ ಪ್ರದರ್ಶನವೂ ಬೇಡ.

ಬಾರದವರ ವಿಷಯವೇ ನನಗೆ ಹೆಚ್ಚು ಕಾಡುತ್ತದೆ. ಮಸೀದಿ ಗುಡಿಸುತ್ತಿದ್ದ ಒಬ್ಬರು ಕಾಣದಾದಾಗ ಪ್ರವಾದಿ(ಸ)ರು ವಿಚಾರಿಸಿದರು. ತೀರಿಕೊಂಡದ್ದನ್ನು ತಿಳಿಸದವರನ್ನು ಆಕ್ಷೇಪಿಸಿ, ಗೋರಿಯ ಬಳಿಗೇ ಹೋಗಿ ನಮಾಝ್ ಮಾಡಿದರು. ನಮ್ಮ ಕೂಟಗಳು ಎಸ್ಸೆಸ್ಸೆಲ್ಸಿ ಬ್ಯಾಚಿನ ಲೆಕ್ಕದಲ್ಲಿ ನಡೆಯುತ್ತವೆ. ಎಂಟನೆಯದಕ್ಕೇ ಶಾಲೆ ಬಿಟ್ಟು ಮೀನುಗಾರಿಕೆ ಬೋಟಿಗೆ ಹೋದವನು, ಬೆಂಗಳೂರಿನ ಹೋಟೆಲಿಗೆ ಲೋಟ ತೊಳೆಯಲು ಹೋದವನು, ಮದುವೆಯಾಗಿ ಹೋದ ಹುಡುಗಿ, ಇವರು ಯಾವ ಬ್ಯಾಚಿಗೂ ಸೇರುವುದಿಲ್ಲ. ನಮ್ಮವರಲ್ಲಿ, ಮೊಗವೀರರಲ್ಲಿ ಇಂಥವರು ಎಷ್ಟು ಮಂದಿ! ಶಾಲು, ಸ್ಮರಣಿಕೆಗೆ ಎತ್ತುವ ಹಣದಲ್ಲಿ ಒಂದು ಪಾಲು ಅವರ ಮಕ್ಕಳ ಫೀಸಿಗೆ ಹೋಗಲಿ.

ಶಾಲೆಯಲ್ಲಿ ದಾಖಲಾತಿ ಪುಸ್ತಕ ಇರುತ್ತದೆ. ಮುಖ್ಯೋಪಾಧ್ಯಾಯರನ್ನು ಕೇಳಿ, ಎಂಟನೆಯ ತರಗತಿಗೆ ಸೇರಿದವರ ಹೆಸರು ಬರೆದುಕೊಂಡು ಮನೆಗೇ ಹೋಗಿ ಕರೆಯಿರಿ. ಈ ಕೆಲಸಕ್ಕೆ ಬರುವವರು ನಮಾಝಿನ ನಂತರ ನನ್ನನ್ನು ಕಾಣಿ.