ಪಂಜರದ ಹಕ್ಕಿಗೆ ನುಸಿ ಹತ್ತಿದರೆ

(ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಹಲವರ ಬಾಲ್ಕನಿಯಲ್ಲಿ ಒಂದು ಪಂಜರ ಇದೆ. ಪಲ್ಲಾವರಂನ ಶುಕ್ರವಾರದ ಸಂತೆಯಿಂದ ಬಂದದ್ದೋ, ಮೊಮ್ಮಕ್ಕಳ ಹಟಕ್ಕೆ ಕೊಂಡದ್ದೋ, ಅಂತೂ ಒಂದು ಜೋಡಿ ‘ಲವ್ ಬರ್ಡ್ಸ್’. ಅವುಗಳ ಸರಿಯಾದ ಹೆಸರು ಬಜ್ರಿಗರ್. ಆಸ್ಟ್ರೇಲಿಯಾದ ಪುಟ್ಟ ಗಿಳಿ. ನಮ್ಮ ಹಸಿರು ಗಿಳಿಯನ್ನು ಮಾತ್ರ ಯಾರೂ ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ಅಜ್ಜಿಯ ಮನೆಯಲ್ಲಿ ‘ರಾಮ ರಾಮ’ ಎನ್ನುತ್ತಿದ್ದ ಗಿಳಿಯ ಕಾಲ ಮುಗಿಯಿತು.

ನುಸಿ ಎಂದರೆ ನಮಗೆ ತೆಂಗಿನಕಾಯಿಯ ನುಸಿ ಪೀಡೆ ನೆನಪಾಗುತ್ತದೆ. ಹಕ್ಕಿಯ ನುಸಿ ಅದರ ದೂರದ ನೆಂಟ. ಹೇನಲ್ಲ, ಎಂಟು ಕಾಲಿನ ಜೇಡರ ಕುಲದ್ದು. ಮುಖ್ಯವಾಗಿ ತಿಳಿಯಬೇಕಾದ್ದು ಇಷ್ಟು: ಒಂದು ನುಸಿ ಹಕ್ಕಿಯ ಚರ್ಮದೊಳಗೇ ಮನೆ ಮಾಡುತ್ತದೆ. ಇನ್ನೊಂದು ಪಂಜರದಲ್ಲಿ ಮನೆ ಮಾಡಿ, ಹಕ್ಕಿಯ ಹತ್ತಿರ ಊಟಕ್ಕೆ ಮಾತ್ರ ಬರುತ್ತದೆ. ಮೊದಲನೆಯದಕ್ಕೆ ಹಕ್ಕಿಗೆ ಔಷಧಿ, ಎರಡನೆಯದಕ್ಕೆ ಮೊದಲು ಪಂಜರಕ್ಕೆ.

ಚರ್ಮದ ನುಸಿಯನ್ನು ಹಗಲಲ್ಲೇ ಗುರುತಿಸಬಹುದು. ಕೊಕ್ಕಿನ ಅಂಚಿನಲ್ಲಿ, ಮೂಗಿನ ಸುತ್ತ, ಕಣ್ಣಿನ ಬಳಿ ಸುಣ್ಣ ಮೆತ್ತಿದಂತೆ ಬೂದು-ಬಿಳಿ ಹುರುಕು. ಹತ್ತಿರದಿಂದ ನೋಡಿದರೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತು. ಆಮೇಲೆ ಕಾಲಿಗೂ ಬರುತ್ತದೆ. ಬಿಟ್ಟರೆ ಕೊಕ್ಕೇ ಸೊಟ್ಟಗೆ ಬೆಳೆದು, ಹಕ್ಕಿಗೆ ಕಾಳು ಒಡೆಯಲಾಗುವುದಿಲ್ಲ. ಇದು ಮನುಷ್ಯರಿಗೆ ಹತ್ತುವುದಿಲ್ಲ, ಮಕ್ಕಳನ್ನು ದೂರ ಇಡಬೇಕಿಲ್ಲ.

ಎರಡನೆಯದು ಕೆಂಪು ನುಸಿ, ಕಳ್ಳನ ಹಾಗೆ. ಹಗಲು ಕೋಲಿನ ಬಿರುಕಿನಲ್ಲಿ, ಮಡಕೆಯ ಗೂಡಿನಲ್ಲಿ ಅಡಗಿದ್ದು, ರಾತ್ರಿ ಬಂದು ರಕ್ತ ಹೀರುತ್ತದೆ. ಹಕ್ಕಿ ರಾತ್ರಿಯೆಲ್ಲ ಚಡಪಡಿಸಿ, ಹಗಲು ಗರಿ ಉಬ್ಬಿಸಿಕೊಂಡು ತೂಕಡಿಸುತ್ತದೆ. ಮರಿಗಳು ರಕ್ತ ಕಡಿಮೆಯಾಗಿ ಗೂಡಿನಲ್ಲೇ ಸಾಯುತ್ತವೆ. ರಾತ್ರಿ ಪಂಜರಕ್ಕೆ ಹಳೆಯ ಬಿಳಿ ಪಂಚೆ ಹೊದಿಸಿ, ಬೆಳಗಾಗುವ ಮೊದಲು ಟಾರ್ಚ್ ಹಿಡಿದು ಅದರ ಮಡಿಕೆ ನೋಡಿ. ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕಿ ಹರಿದಾಡಿದರೆ ಅದೇ. ಏಸಿಯ ಹಿಂದೆ ಪಾರಿವಾಳ ಕಟ್ಟಿದ ಗೂಡಿನಿಂದಲೂ ಇಂಥ ನುಸಿ ಒಳಗೆ ಬರುತ್ತದೆ, ನಮಗೂ ಕಚ್ಚುತ್ತದೆ.

ಇದಕ್ಕೆ ಹಕ್ಕಿಯನ್ನು ಬೇರೆ ಪಂಜರಕ್ಕೆ ಹಾಕಿ. ಮರದ ಕೋಲು, ಹಳೆ ಮಡಕೆ ಎಸೆಯಿರಿ, ಆಸೆ ಬೇಡ. ಪಂಜರಕ್ಕೆ ಕುದಿಯುವ ನೀರು ಹೊಯ್ದು ಉಜ್ಜಿ ಬಿಸಿಲಿಗಿಡಿ. ವಾರದೊಳಗೆ ಮೊಟ್ಟೆಯೊಡೆದು ಹೊಸ ಸಂತಾನ ಬರುವುದರಿಂದ ವಾರ ಬಿಟ್ಟು ಮತ್ತೆ, ಮತ್ತೊಮ್ಮೆ. ಸೀಮೆಎಣ್ಣೆ, ನುಸಿಗುಳಿಗೆ, ನಾಯಿಯ ಉಣ್ಣೆಯ ಸ್ಪ್ರೇ ಬೇಡವೇ ಬೇಡ. ಹಕ್ಕಿಯ ಶ್ವಾಸಕೋಶ ಬಹಳ ಸೂಕ್ಷ್ಮ.

ಚರ್ಮದ ನುಸಿಗೆ ಡಾಕ್ಟರು ಕೊಡುವುದು ಸಾಮಾನ್ಯವಾಗಿ ಐವರ್‌ಮೆಕ್ಟಿನ್. ಇದನ್ನು ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಬಂತು. ಅಪಾಯ ಇರುವುದೂ ಇಲ್ಲೇ. ಅಂಗಡಿಯಲ್ಲಿ ಸಿಗುವುದು ದನ-ಕುರಿಗೆ ಕೊಡುವ ಶೇ 1ರ ಇಂಜೆಕ್ಷನ್. ಅದರ ಒಂದು ಹನಿಯಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಔಷಧಿ. ವಾಡಿಕೆಯ ಲೆಕ್ಕ ಕಿಲೋ ತೂಕಕ್ಕೆ 0.2 ಮಿಲಿಗ್ರಾಂ, 35 ಗ್ರಾಂ ಹಕ್ಕಿಗೆ ಬೇಕಾದ್ದು 0.007. ಅಂದರೆ ‘ಒಂದೇ ಹನಿ ತಾನೇ’ ಎಂದು ಹಾಕಿದರೆ ಎಪ್ಪತ್ತು ಪಟ್ಟು! ತೆಳು ಮಾಡಿ ಕತ್ತಿನ ಹಿಂದೆ ಚರ್ಮಕ್ಕೆ ಹಾಕುವ ಕೆಲಸ ಡಾಕ್ಟರದ್ದು. ಎರಡು ವಾರದ ಮೇಲೆ ಮತ್ತೆ ಹೋಗಬೇಕಾಗುತ್ತದೆ. ಚೆನ್ನಾಗಿರುವ ಜೋಡಿ ಹಕ್ಕಿಗೂ ಔಷಧಿ ಬೇಕು.

ಗರಿ ಉದುರಿದ್ದೆಲ್ಲ ನುಸಿಯಲ್ಲ. ಹೊಸ ಗರಿ ಬರುವ ಕಾಲ ಇರಬಹುದು, ಒಂಟಿತನಕ್ಕೆ ಕಿತ್ತುಕೊಂಡದ್ದೂ ಇರಬಹುದು. ಆದರೆ ಕೊಕ್ಕು ತೆರೆದು, ಬಾಲ ಕುಣಿಸುತ್ತ ಉಸಿರಾಡಿದರೆ ಅವತ್ತೇ ಕರೆದೊಯ್ಯಿರಿ. ಕ್ಯಾನರಿ, ಫಿಂಚ್‌ಗಳಿಗೆ ಉಸಿರಿನ ದಾರಿಯಲ್ಲೇ ಸೇರುವ ನುಸಿಯೊಂದಿದೆ.

1903ರಲ್ಲಿ ಶುರುವಾದ ಮದ್ರಾಸ್ ಪಶುವೈದ್ಯ ಕಾಲೇಜಿನ ಆಸ್ಪತ್ರೆ ವೇಪೇರಿಯಲ್ಲೇ ಇದೆ. ಹೋಗುವಾಗ ಪಂಜರ ತೊಳೆಯಬೇಡಿ, ತಳದ ಕಾಗದ ಬದಲಿಸಬೇಡಿ. ಡಾಕ್ಟರು ಹಿಕ್ಕೆಯನ್ನೂ ನೋಡಬೇಕು. ಆಟೋದಲ್ಲಿ ಗಾಳಿ ಹೊಡೆಯದಂತೆ ಮೇಲೊಂದು ಬಟ್ಟೆ ಹೊದಿಸಿ.