ಸಂಬಳದ ಚೀಟಿಯನ್ನು ಓದುವ ಬಗೆ: ವೇತನ, ಸೌಲಭ್ಯ ಮತ್ತು ಆದಾಯ ತೆರಿಗೆ

(ಗಟ್ಟು, ಗದ್ವಾಲ, ಮಖ್ತಲ್ ಹಾಗೂ ನಾರಾಯಣಪೇಟೆ ಭಾಗದ ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಭಾಷಾ ಬೋಧನೆಯ ತರಬೇತಿಯಲ್ಲಿ ಆದಾಯ ತೆರಿಗೆಯ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರಣ ಭಾಷೆಯಲ್ಲಿಯೇ ಇದೆ. ನಮ್ಮ ವೇತನದ ಬಿಲ್ಲು ಇಂಗ್ಲಿಷಿನಲ್ಲಿ ಸಿದ್ಧವಾಗುತ್ತದೆ. ಕಚೇರಿಯಲ್ಲಿ ಅದರ ವಿವರಣೆ ತೆಲುಗಿನಲ್ಲಿ ದೊರೆಯುತ್ತದೆ. ಮನೆಯಲ್ಲಿ ಕುಳಿತು ನಾವು ಅದನ್ನು ಕನ್ನಡದಲ್ಲಿ ಅರ್ಥಮಾಡಿಕೊಳ್ಳಬೇಕು. ಹೀಗೆ ಮೂರು ಭಾಷೆಗಳನ್ನು ದಾಟಿ ಬರುವಾಗ ಅರ್ಥ ಎಲ್ಲೋ ಸೋರಿಹೋಗುತ್ತದೆ. ಫೆಬ್ರವರಿಯಲ್ಲಿ ಕೊಟ್ಟ ನಮೂನೆಗೆ ಸಹಿ ಹಾಕಿ, ಆ ತಿಂಗಳ ಸಂಬಳದ ಬಹುಪಾಲು ತೆರಿಗೆಗೆ ಸಂದಾಯವಾದ ಮೇಲೆ ಪರಿತಪಿಸುವವರು ನಮ್ಮಲ್ಲಿ ಕಡಿಮೆಯಿಲ್ಲ. ಇಂದು ನಾನು ಹೇಳುವ ಅಂಕಿಗಳೆಲ್ಲ 2025–26ನೇ ಹಣಕಾಸು ವರ್ಷದ ದರಗಳಿಗೆ ಸಂಬಂಧಿಸಿದವು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಅಧಿನಿಯಮ ಜಾರಿಗೆ ಬರುವುದರಿಂದ 1961ರ ಅಧಿನಿಯಮದ ಕಲಮುಗಳ ಸಂಖ್ಯೆಗಳು ಬದಲಾಗುತ್ತವೆ.

ಮೊದಲು ಪದಗಳನ್ನು ನೋಡೋಣ. ತೆಲುಗಿನಲ್ಲಿ 'ಮಿನಹಾಯಿಂಪು' ಎಂಬ ಒಂದೇ ಮಾತು ಎರಡು ಮೂರು ಕೆಲಸ ಮಾಡುತ್ತದೆ. ಕನ್ನಡದಲ್ಲಿ 'ಕಡಿತ' ಎಂಬುದರ ಪಾಡೂ ಅದೇ: ಆದಾಯದಿಂದ ಕಳೆಯುವುದೂ ಕಡಿತ, ಸಂಬಳದಿಂದ ತೆರಿಗೆ ಹಿಡಿಯುವುದೂ ಕಡಿತ. ಕಾನೂನಿನಲ್ಲಿ ಇವು ಬೇರೆ ಬೇರೆ. ಕೈಗೆ ಬಂದರೂ ಆದಾಯವೆಂದು ಲೆಕ್ಕಕ್ಕೆ ಬಾರದ ಮೊತ್ತಕ್ಕೆ ವಿನಾಯಿತಿ ಎನ್ನೋಣ; ಲೆಕ್ಕಕ್ಕೆ ಬಂದ ಮೇಲೆ ಆದಾಯದಿಂದ ಕಳೆಯುವುದಕ್ಕೆ ಕಡಿತ; ಲೆಕ್ಕ ಹಾಕಿದ ತೆರಿಗೆಯಿಂದಲೇ ಕಳೆಯುವುದಕ್ಕೆ ರಿಬೇಟು; ಹಿಂದಿನ ವರ್ಷದ ಬಾಕಿ ಈ ವರ್ಷ ಬಂದು ಹೊರೆಯಾದಾಗ ಕೊಡುವುದಕ್ಕೆ ಪರಿಹಾರ. ಶೇಕಡಾ 20ರ ಹಂತದಲ್ಲಿರುವವರಿಗೆ 25,000 ರೂಪಾಯಿಯ ಕಡಿತದಿಂದ ಉಳಿಯುವುದು 5,000 ರೂಪಾಯಿ. ಅಷ್ಟೇ ಮೊತ್ತದ ರಿಬೇಟಿನಿಂದ ಉಳಿಯುವುದು ಪೂರ್ಣ 25,000.

ಎರಡನೆಯದು, 'ಕೈಗೆ ಬರುವ ಸಂಬಳವೇ ಆದಾಯ' ಎಂಬ ತಪ್ಪು ತಿಳಿವಳಿಕೆ. ಭವಿಷ್ಯ ನಿಧಿ, ವಿಮೆಯ ಕಂತು, ಸಹಕಾರ ಸಂಘದ ಸಾಲ ಇವೆಲ್ಲ ಬಿಲ್ಲಿನಲ್ಲಿಯೇ ಹೋಗಿ ಉಳಿದದ್ದು ಬ್ಯಾಂಕಿಗೆ ಬರುತ್ತದೆ. ಆದರೆ ತೆರಿಗೆಯ ಲೆಕ್ಕ ಆರಂಭವಾಗುವುದು ಒಟ್ಟು ವೇತನದಿಂದ. ಈ ತತ್ತ್ವವನ್ನು ಶಿಕ್ಷಕರ ಪ್ರಕರಣವೊಂದೇ ಸ್ಪಷ್ಟಪಡಿಸಿದೆ. ಅನುದಾನಿತ ಶಾಲೆಗಳಲ್ಲಿ ಬೋಧಿಸುವ ಕ್ರೈಸ್ತ ಸಂನ್ಯಾಸಿನಿಯರು ಮತ್ತು ಪಾದ್ರಿಗಳು ತಮ್ಮ ಸಂಬಳವನ್ನು ಸಂಪೂರ್ಣವಾಗಿ ಧರ್ಮಸಭೆಗೆ ಒಪ್ಪಿಸುತ್ತಾರೆ. ಆದ್ದರಿಂದ ಅದರಲ್ಲಿ ತೆರಿಗೆ ಹಿಡಿಯಬಾರದೆಂದು ವಾದ ನಡೆಯಿತು. ಮದ್ರಾಸ್ ಉಚ್ಚ ನ್ಯಾಯಾಲಯ 2019ರಲ್ಲಿ ಅದನ್ನು ಒಪ್ಪಲಿಲ್ಲ. 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಮೇಲ್ಮನವಿಗಳನ್ನು ವಜಾ ಮಾಡಿತು. ಸಂಬಳ ವ್ಯಕ್ತಿಗೆ ಸಂದಾಯವಾಗುತ್ತದೆ. ಅನಂತರ ಆ ವ್ಯಕ್ತಿ ಅದನ್ನು ಯಾರಿಗೆ ಕೊಟ್ಟರೆಂಬುದು ಬೇರೆ ವಿಷಯ. ಸರ್ವಸಂಗ ಪರಿತ್ಯಾಗಿಗಳಿಗೇ ಹೀಗಿರುವಾಗ ಸೊಸೈಟಿ ಸಾಲದ ಕಂತು ನಮ್ಮ ಆದಾಯವನ್ನು ತಗ್ಗಿಸೀತೆ?

ಇನ್ನು ಸೌಲಭ್ಯಗಳು. ಹಣದ ರೂಪದಲ್ಲಿರಲಿ, ವಸ್ತುವಿನ ರೂಪದಲ್ಲಿರಲಿ, ನೌಕರಿಯ ಕಾರಣದಿಂದ ದೊರೆತದ್ದು ಸಾಮಾನ್ಯವಾಗಿ ವೇತನದೊಳಗೇ ಸೇರುತ್ತದೆ. ಸೇವೆಯಲ್ಲಿರುವಾಗ ಗಳಿಕೆ ರಜೆಯನ್ನು ಸರೆಂಡರ್ ಮಾಡಿ ಪಡೆದ ಹಣಕ್ಕೆ ತೆರಿಗೆಯುಂಟು. ನಿವೃತ್ತಿಯ ದಿನ ಸರ್ಕಾರಿ ನೌಕರರಿಗೆ ದೊರೆಯುವ ರಜೆ ನಗದೀಕರಣಕ್ಕೂ ಗ್ರಾಚ್ಯುಟಿಗೂ ತೆರಿಗೆಯಿಲ್ಲ. ಒಂದೇ ರಜೆ, ಕಾಲ ಬೇರೆಯಾದೊಡನೆ ಫಲ ಬೇರೆ. ಇಂದಿನಂತಹ ತರಬೇತಿಗೆ ಕೊಡುವ ಪ್ರಯಾಣ ಭತ್ಯೆಯು ವಾಸ್ತವವಾಗಿ ಖರ್ಚಾದಷ್ಟರ ಮಟ್ಟಿಗೆ ಆದಾಯವಲ್ಲ. ಪರೀಕ್ಷಾ ಮೌಲ್ಯಮಾಪನದ ಸಂಭಾವನೆ ಮಾತ್ರ ಆದಾಯವೇ; ಅದು ಸಂಬಳದ ಬಿಲ್ಲಿನಲ್ಲಿ ಕಾಣದಿದ್ದರೂ ರಿಟರ್ನಿನಲ್ಲಿ ತೋರಿಸಬೇಕು. ಖಾಸಗಿ ಶಾಲೆಗಳಲ್ಲಿ ದುಡಿಯುವ ಮಿತ್ರರ ಮಕ್ಕಳಿಗೆ ಅದೇ ಶಾಲೆಯಲ್ಲಿ ಉಚಿತ ಶಿಕ್ಷಣ ದೊರೆತರೆ, ಅದರ ಮೌಲ್ಯ ಮಗುವೊಂದಕ್ಕೆ ತಿಂಗಳಿಗೆ 1,000 ರೂಪಾಯಿ ಮೀರದಿದ್ದಾಗ ಅದನ್ನು ಸೌಲಭ್ಯವೆಂದು ಲೆಕ್ಕಿಸುವುದಿಲ್ಲ. ಇಂದಿನ ಶುಲ್ಕಗಳನ್ನು ಕಂಡರೆ ಈ ಮಿತಿ ನಗೆ ತರಿಸುತ್ತದೆ, ಆದರೂ ನಿಯಮ ಅದೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಮುಂದೆ ಎರಡು ಪದ್ಧತಿಗಳಿವೆ. 2023–24ರಿಂದ ಹೊಸ ಪದ್ಧತಿಯೇ ಸಹಜ ಪದ್ಧತಿ. ಹಳೆಯದು ಬೇಕಿದ್ದರೆ ಕೇಳಿ ಪಡೆಯಬೇಕು. ಹಳೆಯ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ, 1,50,000 ರೂಪಾಯಿವರೆಗಿನ ಉಳಿತಾಯದ ಕಡಿತ, ವೃತ್ತಿ ತೆರಿಗೆಯ ಕಡಿತ ಇವೆಲ್ಲ ಇವೆ. ಹೊಸದರಲ್ಲಿ ಇವು ಇಲ್ಲ. ಬದಲಾಗಿ ದರಗಳು ಕಡಿಮೆ, 75,000 ರೂಪಾಯಿಯ ಪ್ರಮಾಣಿತ ಕಡಿತವಿದೆ, ತೆರಿಗೆಗೆ ಒಳಪಡುವ ಆದಾಯ 12 ಲಕ್ಷ ಮೀರದಿದ್ದರೆ 60,000ದವರೆಗೆ ರಿಬೇಟಿದೆ.

ರಾಯಚೂರಿನಲ್ಲಿ ತಿಂಗಳಿಗೆ 13,000 ರೂಪಾಯಿ ಬಾಡಿಗೆ ಕೊಟ್ಟು ವಾಸಿಸುತ್ತ, ಗಡಿ ದಾಟಿ ಗಟ್ಟಿನ ಕಡೆಯ ಶಾಲೆಗೆ ಬರುವ ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳಿ. ಅವರ ವರ್ಷದ ಒಟ್ಟು ವೇತನ 11,40,000. ಅದರಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 9,60,000. ಮನೆ ಕರ್ನಾಟಕದಲ್ಲಿದ್ದರೂ ಬಾಡಿಗೆ ಬಾಡಿಗೆಯೇ. ದುಡಿಮೆ ತೆಲಂಗಾಣದಲ್ಲಿ ಆದ್ದರಿಂದ ವೃತ್ತಿ ತೆರಿಗೆ ತಿಂಗಳಿಗೆ 200ರಂತೆ 2,400 ತೆಲಂಗಾಣಕ್ಕೆ. ಹಳೆಯ ಪದ್ಧತಿಯಲ್ಲಿ ಬಾಡಿಗೆ 1,56,000ದಲ್ಲಿ 9,60,000ದ ಶೇಕಡಾ 10, ಅಂದರೆ 96,000 ಕಳೆದು, 60,000 ವಿನಾಯಿತಿ ಸಿಗುತ್ತದೆ ಎನ್ನೋಣ. (ಬಾಡಿಗೆ ವರ್ಷಕ್ಕೆ ಒಂದು ಲಕ್ಷ ಮೀರಿದ್ದರಿಂದ ಮನೆಯ ಮಾಲೀಕರ ಪ್ಯಾನ್ ಬೇಕು.) ಪ್ರಮಾಣಿತ ಕಡಿತ 50,000, ವೃತ್ತಿ ತೆರಿಗೆ 2,400, ಉಳಿತಾಯ 1,50,000, ಆರೋಗ್ಯ ವಿಮೆ 25,000 ಇವನ್ನೂ ಕಳೆದರೆ ಉಳಿಯುವ ಆದಾಯ 8,52,600. ತೆರಿಗೆ 83,020, ಶೇಕಡಾ 4ರ ಸೆಸ್ ಸೇರಿ 86,340. ಅದೇ ಶಿಕ್ಷಕಿ ಹೊಸ ಪದ್ಧತಿಯಲ್ಲಿದ್ದರೆ 75,000 ಕಳೆದು 10,65,000. ಹಂತಗಳ ಪ್ರಕಾರ ತೆರಿಗೆ 46,500. ರಿಬೇಟು ಅಷ್ಟನ್ನೂ ನುಂಗಿಬಿಡುತ್ತದೆ. ಕೊಡಬೇಕಾದದ್ದು ಶೂನ್ಯ.

'ಎಷ್ಟೋ ವರ್ಷಗಳಿಂದ ಹಳೆಯದನ್ನೇ ಬರೆದುಕೊಡುತ್ತಿದ್ದೇನೆ' ಎನ್ನುವವರು ಈ 86,340ನ್ನು ಗಮನಿಸಬೇಕು. ಹಳೆಯ ಪದ್ಧತಿಯಲ್ಲಿ ಈ ಶಿಕ್ಷಕಿಯ ತೆರಿಗೆ ಶೂನ್ಯವಾಗಬೇಕಾದರೆ ವಿನಾಯಿತಿ ಮತ್ತು ಕಡಿತಗಳ ಮೊತ್ತ 6,40,000 ಆಗಬೇಕು. ಅಷ್ಟನ್ನು ತೋರಿಸಿಕೊಡುತ್ತೇವೆಂದು ಬರುವ ದಲ್ಲಾಳಿಗಳೂ ಇದ್ದಾರೆ. ಇಲ್ಲದ ಬಾಡಿಗೆ, ಕೊಡದ ದೇಣಿಗೆ ಬರೆಸುವ ಇಂತಹವರ ಮೇಲೆ ಆದಾಯ ತೆರಿಗೆ ಇಲಾಖೆ 2025ರ ಜುಲೈನಲ್ಲಿ ದೇಶದಾದ್ಯಂತ ಶೋಧ ನಡೆಸಿತು. ಸುಳ್ಳು ವಿವರಕ್ಕೆ ತೆರಿಗೆಯ ಎರಡು ಪಟ್ಟು ದಂಡವಿದೆ, ಮತ್ತು ರಿಟರ್ನಿನ ಕೆಳಗಿರುವ ಹೆಸರು ದಲ್ಲಾಳಿಯದಲ್ಲ, ನಮ್ಮದು.

ಹೊಸ ಪದ್ಧತಿಯಲ್ಲಿಯೂ 12 ಲಕ್ಷದ ಗೆರೆಯ ಬಳಿ ಎಚ್ಚರ ಬೇಕು. ತೆರಿಗೆಗೆ ಒಳಪಡುವ ಆದಾಯ 11,90,000 ಇದ್ದವರಿಗೆ 30,000 ತುಟ್ಟಿಭತ್ಯೆಯ ಬಾಕಿ ಬಂದು 12,20,000 ಆಯಿತೆನ್ನಿ. ಹಂತದ ಪ್ರಕಾರ ತೆರಿಗೆ 63,000. ಆದರೆ ಗೆರೆ ದಾಟಿದ ಮೊತ್ತಕ್ಕಿಂತ ಹೆಚ್ಚು ತೆರಿಗೆ ಹಿಡಿಯುವಂತಿಲ್ಲವಾದ್ದರಿಂದ ಅದು 20,000ಕ್ಕೆ ಇಳಿಯುತ್ತದೆ. ಸೆಸ್ ಸೇರಿ 20,800. ಬಂದ 30,000ದಲ್ಲಿ ಉಳಿದದ್ದು 9,200. ಇಲ್ಲಿಯೇ ಕಲಂ 89ರ ಪರಿಹಾರ ನೆರವಿಗೆ ಬರುತ್ತದೆ. ಆ ಬಾಕಿ ಪೂರ್ತಿಯಾಗಿ 2024–25ಕ್ಕೆ ಸೇರಿದ್ದು, ಆ ವರ್ಷ ಹೊಸ ಪದ್ಧತಿಯಲ್ಲಿ ಇವರ ಆದಾಯ 10,50,000 ಇತ್ತೆಂದಾದರೆ, ಅಂದೇ ಬಂದಿದ್ದರೆ ಶೇಕಡಾ 15ರಂತೆ, ಸೆಸ್ ಸೇರಿ 4,680 ಮಾತ್ರ ಆಗುತ್ತಿತ್ತು. ವ್ಯತ್ಯಾಸವಾದ 16,120 ಪರಿಹಾರವಾಗಿ ದೊರೆಯುತ್ತದೆ. ಇದು ಎರಡೂ ಪದ್ಧತಿಗಳಲ್ಲಿ ಉಂಟು. ಷರತ್ತು ಒಂದೇ: ರಿಟರ್ನಿಗೆ ಮೊದಲು ಫಾರಂ 10-ಇ ಯನ್ನು ಆನ್‌ಲೈನಿನಲ್ಲಿ ಸಲ್ಲಿಸಬೇಕು. ಸಲ್ಲಿಸದೆ ಪರಿಹಾರ ಕೇಳಿದವರಿಗೆ ನೋಟಿಸು ಬರುತ್ತದೆ. ತುಟ್ಟಿಭತ್ಯೆಯ ಬಾಕಿಗಳು ತಡವಾಗಿ, ಕಂತುಗಳಲ್ಲಿ ಬರುವ ನಮ್ಮಂತಹವರಿಗೆ ಇದು ಅತ್ಯಗತ್ಯವಾದ ನಮೂನೆ.

2004ರ ಸೆಪ್ಟೆಂಬರ್ 1ರ ನಂತರ ಸೇವೆಗೆ ಸೇರಿ ಕೊಡುಗೆ ಪಿಂಚಣಿಯಲ್ಲಿರುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಸರ್ಕಾರ ತಮ್ಮ ಖಾತೆಗೆ ಹಾಕುವ ಪಾಲು ಮೊದಲು ವೇತನಕ್ಕೆ ಸೇರಬೇಕು, ಅನಂತರ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇಕಡಾ 14ರ ಮಿತಿಯಲ್ಲಿ ಕಡಿತವಾಗಬೇಕು. ಹೊಸ ಪದ್ಧತಿಯಲ್ಲಿಯೂ ಈ ಕಡಿತ ಉಂಟು. ಸೇರಿಸಿ ಕಳೆಯುವುದನ್ನು ಮರೆತರೆ ನಮಗೆ ನಷ್ಟ; ಸೇರಿಸದೆಯೇ ಕಳೆದರೆ ಲೆಕ್ಕ ತಪ್ಪು. ತಮ್ಮದೇ ಪಾಲಿನ ಕಡಿತ ಹಳೆಯ ಪದ್ಧತಿಯಲ್ಲಿ ಮಾತ್ರ.

ಡಿ.ಡಿ.ಓ. ಅವರಿಗೆ ಪದ್ಧತಿಯ ಆಯ್ಕೆಯನ್ನು ವರ್ಷಾರಂಭದಲ್ಲಿಯೇ ಲಿಖಿತವಾಗಿ ತಿಳಿಸಿದರೆ ತೆರಿಗೆ ಹನ್ನೆರಡು ತಿಂಗಳಿಗೆ ಹಂಚಿಹೋಗುತ್ತದೆ, ಫೆಬ್ರವರಿಯ ಮೇಲೆ ಬೀಳುವುದಿಲ್ಲ. ತಿಳಿಸಿದ ಆಯ್ಕೆಯನ್ನು ರಿಟರ್ನ್ ಸಲ್ಲಿಸುವಾಗ ಬದಲಿಸಲೂ ಬಹುದು. ಗಡುವು ಮೀರಿದರೆ ಮಾತ್ರ ಹಳೆಯ ಪದ್ಧತಿಯ ಬಾಗಿಲು ಮುಚ್ಚುತ್ತದೆ.

ಜೂನ್ 15ರೊಳಗೆ ಫಾರಂ 16 ಕೈಗೆ ಬರಬೇಕು. ಬಂದೊಡನೆ ಅದನ್ನು 26ಎಎಸ್ ಪಟ್ಟಿಯೊಂದಿಗೆ ಹೋಲಿಸಿ ನೋಡಿ. ಸಂಬಳದಲ್ಲಿ ಹಿಡಿದ ತೆರಿಗೆ ಅಲ್ಲಿ ಕಾಣದಿದ್ದರೆ, ಕಚೇರಿಯಿಂದ ತ್ರೈಮಾಸಿಕ ವಿವರಪಟ್ಟಿ 24-ಕ್ಯೂ ಸಲ್ಲಿಕೆಯಾಗಿಲ್ಲ ಅಥವಾ ಪ್ಯಾನ್ ತಪ್ಪಾಗಿದೆ ಎಂದೇ ಬಹುಮಟ್ಟಿಗೆ ಅರ್ಥ. ಕಚೇರಿಗೆ ಲಿಖಿತ ಮನವಿ ಕೊಟ್ಟು ತಿದ್ದುಪಡಿ ಕೇಳಿ, ಸಂಬಳದ ಚೀಟಿಗಳನ್ನು ಜೋಪಾನವಾಗಿಡಿ. ಹಿಡಿದ ತೆರಿಗೆಯನ್ನು ನೌಕರನಿಂದ ಮತ್ತೊಮ್ಮೆ ವಸೂಲು ಮಾಡುವಂತಿಲ್ಲವೆಂದು ಕಲಂ 205 ಹೇಳುತ್ತದೆ. ಬೇಡಿಕೆಯ ನೋಟಿಸು ಬಂದರೆ ಆ ಚೀಟಿಗಳೊಂದಿಗೆ ಇದೇ ಕಲಮನ್ನು ಉಲ್ಲೇಖಿಸಿ ಉತ್ತರ ಬರೆಯಿರಿ.